ಕತ್ರಿಗುಪ್ಪೆಯ ಮೋರಿ ನೀರು ಕೊನೆಗೆ ಎಲ್ಲಿ ಸೇರುತ್ತದೆ?

ಪ್ರಶ್ನೆ: ಮೇಡಂ, ಆರನೇ ಕ್ಲಾಸಿನ ಮಗಳಿಗೆ ಸ್ಕೂಲಿನಲ್ಲಿ ‘ಸಮುದ್ರ ಉಳಿಸಿ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಕವರು, ಆಮೆಯ ಚಿತ್ರ ಅಂಟಿಸಿದ್ದಾಳೆ. ‘ಅಮ್ಮಾ, ನಮ್ಮೂರಲ್ಲಿ ಸಮುದ್ರವೇ ಇಲ್ವಲ್ಲ, ನಾವು ಹೇಗೆ ಹಾಳು ಮಾಡ್ತೀವಿ?’ ಅಂತ ಕೇಳಿದಳು. ಏನು ಹೇಳಲಿ?
– ಓದುಗರೊಬ್ಬರು, ಕತ್ರಿಗುಪ್ಪೆ

ಉತ್ತರ: ಒಂದು ಭಾನುವಾರ ಮಗಳನ್ನು ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಗೆ ಕರೆದುಕೊಂಡು ಹೋಗಿ. ವೃಷಭಾವತಿ ಹುಟ್ಟುವುದು ಆ ಬಸವನ ಪಾದದಲ್ಲಿ ಅಂತ ಹಿರಿಯರು ಹೇಳುತ್ತಾರೆ. ನಿಮ್ಮ ಬಡಾವಣೆಯ ನೀರು ಇಳಿಯುವುದೂ ಆ ಹೊಳೆಗೇ. ಅಲ್ಲಿಂದ ಮೈಸೂರು ರಸ್ತೆ ಪಕ್ಕದಲ್ಲೇ ಕೆಂಗೇರಿ ದಾಟಿ, ಬೈರಮಂಗಲ ಕೆರೆ ಹೊಕ್ಕು, ಅರ್ಕಾವತಿ ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಕಾವೇರಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಬೆಳ್ಳಂದೂರು, ವರ್ತೂರು ಕಡೆಯ ನೀರು ಹಿಡಿಯುವ ದಾರಿ ಬೇರೆ: ದಕ್ಷಿಣ ಪಿನಾಕಿನಿ, ಹೊಸೂರು, ಕೊನೆಗೆ ಕಡಲೂರು. ದಾರಿ ಎರಡಾದರೂ ಸೇರುವ ಕಡಲು ಒಂದೇ.

ದಾರಿಯಲ್ಲಿ ಅಣೆಕಟ್ಟುಗಳಿವೆ, ಕೆರೆಗಳಿವೆ. ಬಹಳಷ್ಟು ಕೊಳೆ ಅಲ್ಲೇ ತಂಗುತ್ತದೆ, ನಿಜ. ಆದರೆ ಜೋರು ಮಳೆಗೆ ಗೇಟು ತೆಗೆದಾಗ ಅಷ್ಟು ದಿನ ತಂಗಿದ್ದರಲ್ಲಿ ಒಂದಿಷ್ಟು ಮುಂದಕ್ಕೆ ಹೊರಡುತ್ತದೆ.

ಪ್ಲಾಸ್ಟಿಕ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಹಾನಿ ದೊಡ್ಡದು, ಮಗಳ ಚಿತ್ರ ಸರಿಯಾಗೇ ಇದೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರುವುದು ನೀರಿನಲ್ಲಿ ಕರಗಿ ಹೋಗುವುದರ ಬಗ್ಗೆ. ಕಕ್ಕಸಿನ ನೀರು, ಸೋಪಿನ ಪುಡಿ, ಹೊಲಕ್ಕೆ ಹಾಕುವ ಯೂರಿಯಾ, ಇವುಗಳಲ್ಲಿ ಸಾರಜನಕ, ರಂಜಕ ಇರುತ್ತವೆ. ನೀರಿನ ಪಾಚಿಗೂ ಅವು ಗೊಬ್ಬರವೇ. ಪಾಚಿ ಸಿಕ್ಕಾಪಟ್ಟೆ ಬೆಳೆಯುತ್ತದೆ, ಸಾಯುತ್ತದೆ, ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ಅಲ್ಲಿನ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಈಜಬಲ್ಲ ಮೀನು ಓಡಿಹೋಗುತ್ತದೆ, ಏಡಿ ಚಿಪ್ಪುಗಳಿಗೆ ಆ ಭಾಗ್ಯವಿಲ್ಲ. ಇಂಥ ಉಸಿರುಗಟ್ಟಿದ ಜಾಗಗಳು ಜಗತ್ತಿನ ಕರಾವಳಿಗಳಲ್ಲಿ 400ಕ್ಕೂ ಹೆಚ್ಚಿವೆ ಅಂತ 2008ರಲ್ಲೇ ಲೆಕ್ಕ ಸಿಕ್ಕಿತ್ತು. ಬಂಗಾಳ ಕೊಲ್ಲಿಯಲ್ಲಂತೂ ಸುಮಾರು 100 ಮೀಟರ್ ಕೆಳಗೆ ಹೋದರೆ ಆಮ್ಲಜನಕ ಸ್ವಭಾವದಿಂದಲೇ ತೀರಾ ಕಡಿಮೆ. ಮೊದಲೇ ಏದುಸಿರು ಬಿಡುತ್ತಿರುವ ಕಡಲಿಗೆ ನಾವು ಇನ್ನಷ್ಟು ಕೊಳೆ ಕಳಿಸುತ್ತಿದ್ದೇವೆ.

ಇನ್ನೊಂದು ದಾರಿ ಗಾಳಿಯದು. ಅದಕ್ಕೆ ಹೊಳೆಯೂ ಬೇಡ. ನಮ್ಮ ಬೆಂಗಳೂರಿನ ವಾಹನಗಳು ಒಂದು ಕೋಟಿ ದಾಟಿವೆ. ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ನುಂಗುತ್ತದೆ. ಭೂಮಿಯಲ್ಲಿ ಹೆಚ್ಚಾದ ಬಿಸಿಯಲ್ಲಿ ಶೇಕಡಾ 90ರಷ್ಟು ಹೋಗುವುದೂ ಅದಕ್ಕೇ. ಗೋಲಿ ಸೋಡಾ ನಾಲಿಗೆಗೆ ಚುರುಕ್ ಅನ್ನುವುದು ಅದೇ ಅನಿಲ ನೀರಲ್ಲಿ ಕರಗಿರುವುದರಿಂದ. ಸಮುದ್ರದಲ್ಲೂ ಅದೇ ಆಗುತ್ತಿದೆ, ತುಂಬಾ ನಿಧಾನವಾಗಿ. ಕೈಗಾರಿಕೆಗಳು ಶುರುವಾದ ಕಾಲಕ್ಕೆ ಹೋಲಿಸಿದರೆ ಮೇಲ್ಪದರದ ಆಮ್ಲೀಯತೆ ಶೇಕಡಾ 30ರಷ್ಟು ಏರಿದೆ. ಚಿಪ್ಪು ಕಟ್ಟುವ ಜೀವಿಗಳಿಗೆ, ಹವಳಗಳಿಗೆ ಅದು ಕಷ್ಟ.

ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ತಾರಸಿಯ ಮಳೆನೀರಿನ ಪೈಪು ಎಲ್ಲಿಗೆ ಹೋಗುತ್ತದೆ ನೋಡಿ. ಎಷ್ಟೋ ಮನೆಗಳಲ್ಲಿ ಅದನ್ನು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಸೇರಿಸಿಬಿಟ್ಟಿರುತ್ತಾರೆ. ಮಳೆ ಬಂದ ಕೂಡಲೇ ಮ್ಯಾನ್‌ಹೋಲ್ ಉಕ್ಕಿ, ಕೊಳಚೆಯೆಲ್ಲ ಮಳೆನೀರು ಹರಿಯುವ ರಾಜಕಾಲುವೆಗೆ ಹೋಗುತ್ತದೆ. ಆ ಪೈಪನ್ನು ಇಂಗುಗುಂಡಿಗೆ ತಿರುಗಿಸಿ. ಮಗಳ ಪ್ರಾಜೆಕ್ಟಿನಲ್ಲಿ ಆಮೆಯ ಪಕ್ಕ ಆ ಪೈಪಿನ ಚಿತ್ರವೂ ಇರಲಿ.

ಪ್ರಶ್ನೆ: ನಾವು ಉಡುಪಿ ಕಡೆಯವರು, ಯಶವಂತಪುರದಲ್ಲಿದ್ದೇವೆ. ಬೂತಾಯಿ ಮೀನು (ಸಾರ್ಡೀನ್) ಕೆಲವು ವರ್ಷ ರಾಶಿ ಬೀಳುತ್ತದೆ, ಕೆಲವು ವರ್ಷ ಸಿಗುವುದೇ ಇಲ್ಲ. ಇದೂ ಮನುಷ್ಯರ ತಪ್ಪೇ?
– ಓದುಗರೊಬ್ಬರು, ಯಶವಂತಪುರ

ಉತ್ತರ: ಪೂರ್ತಿ ಅಲ್ಲ. ಬೂತಾಯಿ ಹಿಂದಿನಿಂದಲೂ ಹಾಗೆಯೇ, ಬರುವ ವರ್ಷ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರ ಮಾಮೂಲಿಗಿಂತ ಬಿಸಿಯಾಗುವ ವರ್ಷಗಳಲ್ಲಿ ನಮ್ಮ ಕಡಲಿನ ನೀರೂ ಬಿಸಿಯಾಗಿ, ಅದು ತಿನ್ನುವ ಸೂಕ್ಷ್ಮ ಪಾಚಿ ಕಡಿಮೆಯಾಗುತ್ತದೆ. ಆದರೆ ಮೀನು ಸೊರಗಿದ ಹೊತ್ತಿನಲ್ಲೇ ನಾವು ಬಲೆ ಬಿಗಿ ಮಾಡಿದರೆ ಅದು ಎದ್ದು ನಿಲ್ಲುವುದು ಹೇಗೆ? ಕೇರಳದ್ದೇ ನೋಡಿ. 2012ರಲ್ಲಿ ಅಲ್ಲಿ ಸಿಕ್ಕಿದ್ದು ಸುಮಾರು 4 ಲಕ್ಷ ಟನ್ ಬೂತಾಯಿ. 2021ರಲ್ಲಿ 4 ಸಾವಿರ ಟನ್ನೂ ಆಗಲಿಲ್ಲ.

ನನಗೆ ಹೊಟ್ಟೆ ಉರಿಯುವುದು ಮರಿಮೀನಿನ ವಿಷಯಕ್ಕೆ. ಒಂದು ಸಲವೂ ಮೊಟ್ಟೆ ಇಡದ ಮೀನನ್ನು ಬಾಚಿ, ಕೋಳಿ ಮತ್ತು ಸಿಗಡಿ ಆಹಾರಕ್ಕೆ ಅಂತ ಪುಡಿ ಮಾಡಲು ಕಳಿಸುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಇರುವುದು ಮೀನು ಮೊಟ್ಟೆ ಇಡಲಿ ಅಂತಲೇ. ಆಮೇಲೆ ಮರಿಯನ್ನೇ ಹಿಡಿದರೆ ಆ 61 ದಿನ ಕಾದು ಏನು ಬಂತು?

ಮೀನಂಗಡಿಯಲ್ಲಿ ನಿಮ್ಮ ಕೈಬೆರಳಿಗಿಂತ ಚಿಕ್ಕ ಬೂತಾಯಿ ಕಂಡರೆ ಬೇಡ ಅನ್ನಿ. ಅಂಗಡಿಯವರಿಗೆ ಯಾಕೆ ಅಂತಲೂ ಹೇಳಿ. ಆ ದಿನ ಬಂಗುಡೆ ಚೆನ್ನಾಗಿದ್ದರೆ ಅದನ್ನೇ ಪುಳಿಮುಂಚಿ ಮಾಡಿ.