ಕುದುರೆಮುಖದಲ್ಲಿ ಮಕ್ಕಳಿಗೆ ತೋರಿಸಲು ಕಾಡುಕುದುರೆ ಸಿಗುತ್ತವಾ?

ಇಲ್ಲ. ಒಂದೂ ಸಿಗಲ್ಲ. ಅಮೆರಿಕದ ಬೆಟ್ಟದಲ್ಲಿ ಪುಟ್ಟ ಪುಟ್ಟ ಕಾಡುಕುದುರೆ ಮೇಯೋ ವಿಡಿಯೊ ನೋಡಿ, ಆರು ವರ್ಷದ ಮಗನನ್ನು ಕುದುರೆಮುಖಕ್ಕೆ ಕರ್ಕೊಂಡು ಹೋಗಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಜೊತೆಗೆ ನನ್ನ ಎಡ ಮಂಡಿಯೂ ನೆನಪಾಯಿತು.

ನಾವು ಹಾಸನದವರು. ಆಗ ಮಗಳಿಗೆ ಏಳು ವರ್ಷ. ಅವಳೂ ಅಂಥದ್ದೇ ವಿಡಿಯೊ ನೋಡಿ, "ಅಪ್ಪ, ಕುದುರೆಮುಖದಲ್ಲಿ ಕುದುರೆ ಇರ್ತಾವಾ?" ಅಂದಳು. ನಾನು ಫೋನಿಂದ ತಲೆ ಎತ್ತದೆ "ಇರ್ತಾವೆ, ಹೋಗೋಣ" ಅಂದುಬಿಟ್ಟೆ. ತಪ್ಪು ಶುರುವಾಗಿದ್ದೇ ಅಲ್ಲಿ. ಒಂದು ಕಡೆಯಿಂದ ನೋಡಿದರೆ ಶಿಖರ ಕುದುರೆಯ ಮುಖದ ಹಾಗೆ ಕಾಣುತ್ತೆ, ಅದಕ್ಕೆ ಆ ಹೆಸರು ಅಂತ ಆಗಲೇ ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಅಮ್ಮ ಬೇರೆ "ಕುದುರೆ ನೋಡೋಕೆ ಬರಿಗೈಲಿ ಹೋಗ್ತಾರಾ" ಅಂತ ಒಂದು ಡಬ್ಬಿ ಹುರುಳಿ ನೆನೆಸಿ ಕೊಟ್ಟರು. ಆಗಲೂ ಬಾಯಿ ಬಿಡಲಿಲ್ಲ.

ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸ, ಅಲ್ಲಿಂದ ಸಂಸೆ. ಮಾರನೇ ದಿನ ಬೆಳಿಗ್ಗೆ ಜೀಪಿನಲ್ಲಿ ಮುಳ್ಳೋಡಿ, ನಡಿಗೆ ಶುರುವಾಗೋದು ಅಲ್ಲಿಂದ. ಮೊದಲ ಹಳ್ಳ ದಾಟುವಷ್ಟರಲ್ಲಿ ಕಾಲಿಗೆ ಇಂಬಳ ಹತ್ತಿದ್ದವು. ಮಗಳು ಹೆದರಲಿಲ್ಲ, ಬೆರಳ ಮೇಲೆ ಬಿಟ್ಟುಕೊಂಡು ಅದು ಬಿಲ್ಲಿನ ಹಾಗೆ ಬಗ್ಗಿ ಬಗ್ಗಿ ನಡೆಯೋದನ್ನು ನೋಡುತ್ತಾ ನಿಂತಳು. ಅವಳ ಪಾಡಿಗೆ ಬಿಟ್ಟಿದ್ದರೆ ಇಂಬಳ ಎಣಿಸಿಕೊಂಡೇ ಅರ್ಧ ಬೆಟ್ಟ ಹತ್ತುತ್ತಿದ್ದಳೇನೋ.

ನಾನು ಬಿಡಲಿಲ್ಲ. "ಬಾ ಬಾ, ಮುಂದಿನ ತಿರುವಲ್ಲಿ ಕುದುರೆ." ತಿರುವು ಬಂತು, ಕುದುರೆ ಇಲ್ಲ. "ಆ ಗುಡ್ಡದ ಹಿಂದೆ." ಅಲ್ಲೂ ಇಲ್ಲ. ಒಂದು ಸುಳ್ಳಿಗೆ ಅವಳು ನೂರು ಹೆಜ್ಜೆ ನಡೀತಿದ್ದಳು. ಆಮೇಲೆ ಐವತ್ತು, ಆಮೇಲೆ ಹತ್ತು. ಹುಲ್ಲಿನ ಅಂಚಲ್ಲಿ, ಶೋಲಾ ಅನ್ನೋ ದಟ್ಟ ಕಾಡಿನ ಪಕ್ಕ, ಒಂದು ಕಡವೆ ಕಿವಿ ನಿಮಿರಿಸಿ ನಿಂತಿತ್ತು. ನನಗೆ ಮೈ ಜುಮ್ಮಂತು. ತೋರಿಸಿದರೆ ಅವಳು "ಅದು ಕುದುರೆ ಅಲ್ವಲ್ಲ" ಅಂತ ಮುಖ ತಿರುಗಿಸಿದಳು. ಅವಳದೇನು ತಪ್ಪು? ಕುದುರೆ ಬಿಟ್ಟು ಬೇರೇನೂ ಕಾಣದ ಹಾಗೆ ಕಣ್ಣಿಗೆ ಪಟ್ಟಿ ಕಟ್ಟಿದವನು ನಾನೇ.

ಒಂಟಿ ಮರದ ಹತ್ತಿರ ಡಬ್ಬಿ ತಬ್ಬಿಕೊಂಡು ಕೂತುಬಿಟ್ಟಳು. ಇನ್ನು ಏಳಲ್ಲ ಅಂದಳು. ನಾನು ನಿಜ ಹೇಳಿದ್ದು ಅಲ್ಲೇ. ಅವಳು ಅಳಲಿಲ್ಲ, ಬೈಯಲಿಲ್ಲ, ಮಾತೇ ಆಡಲಿಲ್ಲ. ನನ್ನ ಹೆಂಡತಿಯೂ ಆಡಲಿಲ್ಲ, ಅದು ಇನ್ನೂ ಕಷ್ಟ. ಹೆಗಲ ಮೇಲೆ ಕೂರಿಸಿಕೊಂಡು ವಾಪಸ್ ಇಳಿದೆ. ಜಾರುವ ಮಣ್ಣಲ್ಲಿ ಮಂಡಿ ತಿರುಚಿತು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ನೋಯುತ್ತೆ.

ನೀವು ನೋಡಿದ್ದು ವರ್ಜೀನಿಯಾದ ಗ್ರೇಸನ್ ಹೈಲ್ಯಾಂಡ್ಸ್ ಇರಬೇಕು. ಅಲ್ಲಿಯ ಕುದುರೆಗಳೂ ತಾವಾಗಿ ಬಂದವಲ್ಲ. ಬೆಟ್ಟದ ಬಯಲಲ್ಲಿ ಪೊದೆ ತುಂಬಿಕೊಳ್ಳದಿರಲಿ ಅಂತ 1970ರ ದಶಕದಲ್ಲಿ ತಂದು ಬಿಟ್ಟಿದ್ದು. ಜನ ನೋಡಿ ಅಭ್ಯಾಸವಾಗಿದೆ, ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಕಾಣುತ್ತವೆ. ನಮ್ಮ ಬೆಟ್ಟದಲ್ಲಿ ಮೇಯೋದು ಕಾಟಿ (ಕಾಡುಕೋಣ), ಕಡವೆ. ಅವು ನಿಮ್ಮ ಮಗನಿಗಾಗಿ ಕಾಯಲ್ಲ.

ಕುದುರೆಮುಖ 1,894 ಮೀಟರ್. ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್. ಮೇಲೆ ಟೆಂಟ್ ಹಾಕೋ ಹಾಗಿಲ್ಲ, ಕತ್ತಲಾಗೋ ಮೊದಲು ಕೆಳಗಿರಬೇಕು. ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕ್ ಮಾಡಿರಬೇಕು. ಆರು ವರ್ಷದವನಿಗೆ ಇದು ಬೇಡವೇ ಬೇಡ. ಅವನಿಗೆ ಕುದುರೆ ಬೇಕಾ, ಬೆಟ್ಟ ಬೇಕಾ ಅಂತ ಮೊದಲು ಕೇಳಿ. ಕುದುರೆ ಅಂದರೆ ಮೈಸೂರಲ್ಲಿ ಟಾಂಗಾ ಹತ್ತಿಸಿ. ಬೆಟ್ಟ ಅಂದರೆ ಮುಳ್ಳಯ್ಯನಗಿರಿ ಇದೆ, ಕೊನೆಗೆ ಮೆಟ್ಟಿಲು ಹತ್ತಿದರೆ ಸಾಕು. ಯಾವ ಪ್ರಾಣಿಯ ಹೆಸರೂ ಎತ್ತಬೇಡಿ, ಸುಮ್ನೆ ನಡೆಸಿ. ಕಂಡರೆ ಕಂಡಿತು.

ಹುರುಳಿ ಡಬ್ಬಿ ಹಾಗೇ ವಾಪಸ್ ಬಂತು, ಕಾಡಲ್ಲಿ ಚೆಲ್ಲಬಾರದಲ್ವಾ. ಭಾನುವಾರ ತೆಗೆದರೆ ಮೊಳಕೆ ಬಂದಿತ್ತು. ಅಮ್ಮ ಅದರಲ್ಲೇ ಸಾರು ಮಾಡಿದರು. ಮಗಳು "ಅದು ಕುದುರೇದು, ನಂಗೆ ಬೇಡ" ಅಂತ ತಟ್ಟೆ ಸರಿಸಿದಳು. "ಹಾಗಾದ್ರೆ ನಿಮ್ಮಪ್ಪಂಗೇ ಹಾಕ್ತೀನಿ ಬಿಡು," ಅಂದರು ಅಮ್ಮ, "ನಿನ್ನ ಹೊತ್ಕೊಂಡು ಬಂದಿದ್ದು ಅವನೇ ತಾನೆ."