ಚಾಂಗಿಯಲ್ಲಿ ಇಳಿದು ಬಂದವರಿಗೆ

ಪತ್ರ: ಡಿಸೆಂಬರ್ ಕೊನೆಯ ವಾರ ಕುಟುಂಬದೊಂದಿಗೆ ಸಿಂಗಪುರ ಪ್ರವಾಸಕ್ಕೆ ಹೋಗಿದ್ದೆವು. ನಸುಕಿನಲ್ಲೇ ತಲೆ ಎಣಿಕೆ, ಊಟಕ್ಕೆ ಸಾಲು, ಒಂದೇ ಕೋಣೆಯಲ್ಲಿ ನಾಲ್ವರು. ಅದು ರಜೆಯಲ್ಲ, ಯುದ್ಧಕಾಲದ ಸೆರೆಶಿಬಿರ. ಇದರ ಬಗ್ಗೆ ನೀವೇಕೆ ಬರೆಯುವುದಿಲ್ಲ?
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ಹಣ ಪಡೆದು ಹೇಳಿದ ಸೌಕರ್ಯ ಕೊಡದಿರುವುದು ತಪ್ಪೇ. ರಸೀದಿಗಳಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಆದರೆ ನಿಮ್ಮ ಹೋಲಿಕೆಯನ್ನು ಒಪ್ಪಲಾರೆ. ನಿಮ್ಮ ವಿಮಾನ ಇಳಿದ ಚಾಂಗಿಯಲ್ಲೇ ನಿಜವಾದ ಸೆರೆಶಿಬಿರವಿತ್ತು.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಬ್ರಿಟಿಷ್, ಆಸ್ಟ್ರೇಲಿಯನ್ ಸೈನಿಕರನ್ನು ಚಾಂಗಿಗೆ ನಡೆಸಿದರು. ತಪ್ಪಿಸಿಕೊಳ್ಳುವುದಿಲ್ಲವೆಂದು ಬರೆದುಕೊಡಲು ಅವರು ಒಪ್ಪದಿದ್ದಾಗ, ಸುಮಾರು 800 ಜನರಿಗೆಂದು ಕಟ್ಟಿದ್ದ ಸೆಲರಾಂಗ್ ಬ್ಯಾರಕ್ಕಿನೊಳಗೆ ಸುಮಾರು 15,000 ಮಂದಿಯನ್ನು ತುಂಬಿದರು. ಆಮಶಂಕೆ ಹರಡಿದ ಮೇಲೆ ವಿಧಿಯಿಲ್ಲದೆ ಸಹಿ ಹಾಕಿದರು. ಕೋಣೆಗೆ ನಾಲ್ವರಾದದ್ದಕ್ಕೆ ನೊಂದಿರಲ್ಲ, ಇದನ್ನು ಓದಿ ಏನೆನ್ನುತ್ತೀರಿ?

ಆ ವರ್ಷಾಂತ್ಯವೂ ಬಂತು. ಸ್ಟ್ಯಾನ್ಲಿ ವಾರೆನ್ ಎಂಬ ಸೈನಿಕ ರೋಗದಿಂದ ಬಸವಳಿದಿದ್ದರೂ ಸೆರೆಯಾಳುಗಳ ಆಸ್ಪತ್ರೆಯ ಪ್ರಾರ್ಥನಾ ಕೋಣೆಯ ಗೋಡೆಯ ಮೇಲೆ ಯೇಸುವಿನ ಜನನದ ಚಿತ್ರ ಬಿಡಿಸಿದರು. ಬಣ್ಣವೆಲ್ಲಿಂದ ಬರಬೇಕು? ಬಿಲಿಯರ್ಡ್ಸ್ ಆಟದ ನೀಲಿ ಸೀಮೆಸುಣ್ಣದಂಥದ್ದನ್ನೆಲ್ಲ ಸಂಗಾತಿಗಳು ಹುಡುಕಿ ತಂದುಕೊಟ್ಟರು. ಕ್ರಿಸ್‌ಮಸ್ ಹೊತ್ತಿಗೆ ಚಿತ್ರ ಸಿದ್ಧವಾಗಿತ್ತು. ವಿಷಯ, ಭೂಮಿಯ ಮೇಲೆ ಶಾಂತಿ. ಹಸಿದವರು ಹೀಗೆ ಹಬ್ಬ ಮಾಡಿದರೆಂದು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ಚಾಂಗಿಯಿಂದ ಸಾವಿರಾರು ಜನರನ್ನು ಸಯಾಂ (ಇಂದಿನ ಥಾಯ್ಲೆಂಡ್)-ಬರ್ಮಾ ರೈಲುಮಾರ್ಗದ ಕೆಲಸಕ್ಕೆ ಸಾಗಿಸಿದರು. 415 ಕಿಲೋಮೀಟರ್ ಹಳಿಗೆ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಬಲಿಯಾದರು. ಮಲಯಾದ ರಬ್ಬರ್ ತೋಟಗಳ ತಮಿಳರೂ ಸೇರಿದಂತೆ ಸತ್ತ ಏಷ್ಯಾದ ಕೂಲಿಗಳ ಸಂಖ್ಯೆ ಅದರ ಎಷ್ಟೋ ಪಟ್ಟು. ಕೈದಿಗಳಿಗೆ ಹೆಸರು ಕೆತ್ತಿದ ಸಮಾಧಿಗಳಿವೆ, ಈ ಬಡವರಲ್ಲಿ ಬಹುಪಾಲು ಜನರಿಗೆ ಅದೂ ಇಲ್ಲ.

ನಮ್ಮ ಪ್ರವಾಸಿಗರು ಸಾಮಾನು ಕೊಳ್ಳಲು ಸುತ್ತುವ ಲಿಟಲ್ ಇಂಡಿಯಾದ ಪಕ್ಕದಲ್ಲೇ ಫ್ಯಾರರ್ ಪಾರ್ಕ್ ಇದೆ. 1942ರ ಫೆಬ್ರವರಿ 17ರಂದು ಸೆರೆಸಿಕ್ಕ ಭಾರತೀಯ ಸೈನಿಕರನ್ನು ಅಲ್ಲಿ ಸೇರಿಸಿ ಜಪಾನೀಯರಿಗೆ ಒಪ್ಪಿಸಿದರು. ಅವರಲ್ಲಿ ಆಜಾದ್ ಹಿಂದ್ ಫೌಜ್ ಸೇರಿದವರನ್ನು ನಾವು ಗೌರವದಿಂದ ನೆನೆಯುತ್ತೇವೆ, ಅದು ಸರಿ. ಸೇರಲೊಲ್ಲದೆ ನ್ಯೂಗಿನಿಯ ಕಾಡುಗಳಿಗೆ ಕೂಲಿಗಳಾಗಿ ಸಾಗಿ ಅಲ್ಲೇ ಸತ್ತವರನ್ನು ಯಾವ ಪಠ್ಯಪುಸ್ತಕ ನೆನೆಯುತ್ತದೆ? ಎರಡನೇ ಮಹಾಯುದ್ಧದಲ್ಲಿ ನಮ್ಮ ಜಾಲಹಳ್ಳಿಯಲ್ಲೇ ಇಟಲಿಯ ಯುದ್ಧಕೈದಿಗಳಿದ್ದರೆಂದು ಬೆಂಗಳೂರಿನ ಎಷ್ಟು ಮಕ್ಕಳಿಗೆ ಗೊತ್ತು? ನಿಮ್ಮಂಥ ಹೋಲಿಕೆಗಳು ಹುಟ್ಟುವುದರಲ್ಲಿ ಪತ್ರಿಕೆಗಳ ಪಾಲೂ ಇದೆ. ಕ್ರಿಕೆಟ್ ಸೋಲಿಗೆ ಮಾರಣಹೋಮ, ವಾಹನ ದಟ್ಟಣೆಗೆ ನರಕ ಎಂದು ಶೀರ್ಷಿಕೆ ಕೊಟ್ಟು ಓದುಗರ ನಾಲಿಗೆಯನ್ನು ಮೊಂಡಾಗಿಸಿದ್ದೇವೆ.

ನಿಮ್ಮ ಬರವಣಿಗೆಯಲ್ಲಿ ಕಸುವಿದೆ. ಅದಕ್ಕೇ ಇಷ್ಟು ಬರೆದೆ. ಚಾಂಗಿಯಲ್ಲಿ ಕೈದಿಗಳ ನೆನಪಿನ ವಸ್ತುಸಂಗ್ರಹಾಲಯವಿದೆ. ಅದನ್ನು ತಮ್ಮ ಪಟ್ಟಿಯಲ್ಲಿ ಏಕೆ ಸೇರಿಸಿಲ್ಲವೆಂದು ಆ ಪ್ರವಾಸ ಸಂಸ್ಥೆಯನ್ನು ಕೇಳಿ, ಬಂದ ಉತ್ತರವನ್ನು ನಮಗೂ ಕಳಿಸಿ.