ವೀಣೆಯ ಮೀಟು ಮೃದುವಾಗಬೇಕಾದರೆ ಎನ್ವಲಪ್ ಮುಟ್ಟಬೇಡಿ

ಆಪಲ್‌ನ ಸಂಗೀತ ತಂತ್ರಾಂಶ ಲಾಜಿಕ್‌ನಲ್ಲಿರುವ, ತಂತಿಯ ಕಂಪನ ಲೆಕ್ಕಹಾಕಿ ದನಿ ಹುಟ್ಟಿಸುವ ಸ್ಕಲ್ಪ್ಚರ್ ಎಂಬ ವಾದ್ಯದಲ್ಲಿ ವೀಣೆಯ ದನಿ ಕಟ್ಟುತ್ತಿರುವ ನೀವು, ಮೀಟು ಕಿವಿಗೆ ಚುಚ್ಚುತ್ತಿದೆಯೆಂದು ಆಂಪ್ಲಿಟ್ಯೂಡ್ ಎನ್ವಲಪ್‌ನ (ದನಿಯ ಗಟ್ಟಿತನ ಕಾಲಕ್ರಮದಲ್ಲಿ ಹೇಗೆ ಏರಿಳಿಯಬೇಕೆಂದು ಹೇಳುವ ನಿಯಂತ್ರಣದ) ಅಟ್ಯಾಕನ್ನು, ಅಂದರೆ ದನಿ ಪೂರ್ತಿ ಏರಲು ಹಿಡಿಯುವ ಸಮಯವನ್ನು, 60 ಮಿಲಿಸೆಕೆಂಡಿಗೆ ಏರಿಸಿದ್ದಾಗಿಯೂ, ಈಗ ತಂತಿಯ ಬದಲು ಹಾರ್ಮೋನಿಯಂ ಕೇಳಿಸುತ್ತಿರುವುದಾಗಿಯೂ ಗುಂಪಿನಲ್ಲಿ ಬರೆದಿದ್ದೀರಿ. ನಾನೂ ಇದೇ ದಾರಿಯಲ್ಲಿ ಅಲೆದವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ಆ ಅಟ್ಯಾಕನ್ನು ಸೊನ್ನೆಗೆ ತನ್ನಿ. ಮೊದಲೇ ಮುದ್ರಿಸಿಟ್ಟ ದನಿಯ ತುಣುಕುಗಳನ್ನು (ಸ್ಯಾಂಪಲ್) ನುಡಿಸುವ ಕೀಬೋರ್ಡಿನಲ್ಲಿ ಬೇರೆ ಉಪಾಯವಿಲ್ಲದೆ ಅದನ್ನು ಬಳಸುತ್ತೇವೆ. ಇಲ್ಲಿ ತಂತಿಯ ಕಂಪನವನ್ನೇ ಲೆಕ್ಕಹಾಕಲಾಗುತ್ತದೆ; ಕೀಲಿ ಒತ್ತಿದ ಕ್ಷಣದಲ್ಲೇ ಮೀಟು ಬಿದ್ದು, ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಕಂಪನಸಂಖ್ಯೆಯ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು) ಕರಗಲು ತೊಡಗಿರುತ್ತವೆ. ನಿಧಾನದ ಎನ್ವಲಪ್ ಎಂದರೆ ಕಛೇರಿ ಶುರುವಾದ ಮೇಲೆ ಸಭಾಂಗಣದ ಬಾಗಿಲು ತೆರೆದಂತೆ. ಮೀಟು ಅದರಿಂದ ಮೃದುವಾಗುವುದಿಲ್ಲ, ಕಳೆದೇ ಹೋಗುತ್ತದೆ.

ತಿದ್ದಬೇಕಾದದ್ದು ತಂತಿಯನ್ನು ಮುಟ್ಟುವ ವಸ್ತುವನ್ನು. ಸ್ಕಲ್ಪ್ಚರ್ ಇಂಥ ವಸ್ತುಗಳನ್ನು ಆಬ್ಜೆಕ್ಟ್ ಎನ್ನುತ್ತದೆ. ಆಬ್ಜೆಕ್ಟ್ 1 ಪಿಕ್‌ನಲ್ಲಿರಲಿ (ಮೀಟುವ ಬಗೆ), ಸ್ಟ್ರೆಂತ್ (ಬಲ) ಇಳಿಸಿ, ಟಿಂಬರನ್ನು (ದನಿಯ ಬಣ್ಣ) ಸೊನ್ನೆಗಿಂತ ತುಸು ಕೆಳಗೆ ಒಯ್ಯಿರಿ, ವೆಲೊಸೆನ್ಸ್ (ಕೀಲಿ ಒತ್ತುವ ರಭಸಕ್ಕೆ ಸ್ಪಂದಿಸುವ ಪ್ರಮಾಣ) ಹೆಚ್ಚಿಸಿ. ಆಮೇಲೆ ಮೀಟುವ ಜಾಗವನ್ನು ಹುಡುಕಿ: ತಂತಿಯ ನಟ್ಟನಡುವೆ ಮೀಟಿದರೆ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಏಳುವುದಿಲ್ಲ, ಐದನೆಯ ಒಂದು ಭಾಗದಲ್ಲಿ ಮೀಟಿದರೆ 5, 10, 15ನೆಯವು ಏಳುವುದಿಲ್ಲ; ಕುದುರೆಯ ಹತ್ತಿರ ಬಂದಷ್ಟೂ ದನಿ ತೆಳುವಾಗಿ ಚುರುಕಾಗುತ್ತದೆ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳಿಗೂ ಇದೇ ನಿಯಮ ಅನ್ವಯಿಸುವುದರಿಂದ ಎರಡನ್ನೂ ಒಟ್ಟಿಗೆ ಸರಿಸಬೇಡಿ, ಯಾವುದು ಏನು ಮಾಡಿತೆಂದು ತಿಳಿಯದೆ ಹೋಗುತ್ತದೆ.

ನನ್ನ ಅನುಭವದಲ್ಲಿ ವೀಣೆಯನ್ನು ವೀಣೆಯಾಗಿಸುವುದು ಮೀಟಿಗಿಂತ ಮುಂಚಿನ ಸ್ಪರ್ಶ. ಮಲ್ಲೇಶ್ವರ, ಬಸವನಗುಡಿಯ ಕಡೆ ಮೈಕ್ ಇಲ್ಲದ ಮನೆ ಕಛೇರಿ ಸಿಕ್ಕರೆ ವೈಣಿಕರ ಬಲಗೈ ಬಳಿ ಕುಳಿತು ಕೇಳಿ. ಮುಂದಿನ ಮೀಟಿಗೆಂದು ಉಗುರು ಇಳಿದಾಗ ಅದು ಇನ್ನೂ ನುಡಿಯುತ್ತಿರುವ ತಂತಿಯನ್ನು ಮುಟ್ಟುತ್ತದೆ, ಸಣ್ಣದೊಂದು ಸದ್ದಾಗಿ ನಾದ ತುಂಡಾಗುತ್ತದೆ, ಅನಂತರವೇ ತಂತಿ ಬಿಡುಗಡೆಯಾಗುತ್ತದೆ. ಇದನ್ನು ತರಲು ಆಬ್ಜೆಕ್ಟ್ 3ನ್ನು ಡ್ಯಾಂಪ್‌ಗೆ (ಕಂಪನ ತಡೆಯುವ ಬಗೆ) ಇಟ್ಟು, ಅದರ ಸ್ಟ್ರೆಂತನ್ನು ಮಾಡ್ಯುಲೇಷನ್ ಎನ್ವಲಪ್ (ದನಿಯ ಗಟ್ಟಿತನವನ್ನಲ್ಲ, ಬೇರೊಂದು ನಿಯಂತ್ರಣವನ್ನು ಕಾಲಕ್ರಮದಲ್ಲಿ ಬದಲಿಸುವಂಥದ್ದು) ಒಂದಕ್ಕೆ ಕಟ್ಟಿ, 20–30 ಮಿಲಿಸೆಕೆಂಡಿನಲ್ಲಿ ಅದು ಇಲ್ಲವಾಗುವಂತೆ ಮಾಡಿ. ಹಾಗೆ ಕಟ್ಟದಿದ್ದರೆ ಕೀಲಿ ಒತ್ತಿರುವಷ್ಟು ಹೊತ್ತೂ ಡ್ಯಾಂಪ್ ತಂತಿಯನ್ನು ಅಮುಕಿಯೇ ಇರುತ್ತದೆ. ಕೀಬೋರ್ಡ್ ಮೋಡ್ ಮೋನೊದಲ್ಲಿರಲಿ (ಒಮ್ಮೆಗೆ ಒಂದೇ ಸ್ವರ). ಪಾಲಿಯಲ್ಲಿ (ಒಮ್ಮೆಗೆ ಹಲವು ಸ್ವರ) ಪ್ರತಿ ಸ್ವರಕ್ಕೂ ಬೇರೆ ತಂತಿ ಇರುವುದರಿಂದ ಹಿಂದಿನ ನಾದವನ್ನು ಬೆರಳು ತಡೆಯುವ ಪ್ರಶ್ನೆಯೇ ಬರುವುದಿಲ್ಲ. ಒಂದೇ ಮೀಟಿನಲ್ಲಿ ಬರಬೇಕಾದ ಗಮಕಕ್ಕೆ ಪಿಚ್ ಬೆಂಡ್ (ಸ್ವರವನ್ನು ಜಾರಿಸುವ ನಿಯಂತ್ರಣ) ಬಳಸಿ, ಗಮಕದೊಳಗಿನ ಪ್ರತಿ ಅನುಸ್ವರಕ್ಕೂ ಹೊಸ ಕೀಲಿ ಒತ್ತಬೇಡಿ.

ನೀವು ಹಾಕಿದ ಧ್ವನಿಮುದ್ರಿಕೆಯಲ್ಲಿ ರಿವರ್ಬ್ (ಸಭಾಂಗಣದಂಥ ಅನುರಣನ) ವಿಪರೀತವಾಗಿದೆ. ಅದನ್ನು ಪೂರ್ತಿ ತೆಗೆದು ಹೆಡ್‌ಫೋನ್ ಹಾಕಿಕೊಂಡೇ ಆರಂಭವನ್ನು ತಿದ್ದಬೇಕು. ಕಂಪ್ರೆಸರ್ (ಗಟ್ಟಿ, ಮೆಲು ದನಿಗಳ ಅಂತರ ತಗ್ಗಿಸುವ ಸಾಧನ) ಕೂಡ ಬೇಡ, ಈಗಲೇ ಅಂತೂ ಬೇಡವೇ ಬೇಡ.

ಉಪಕರಣ ಬದಲಿಸಿದರೂ ತತ್ತ್ವ ಬದಲಾಗದು. ಎಎಎಸ್ (ಅಪ್ಲೈಡ್ ಅಕೌಸ್ಟಿಕ್ಸ್ ಸಿಸ್ಟಮ್ಸ್) ಕಂಪನಿಯವರ, ತಂತಿಯನ್ನೇ ಲೆಕ್ಕಹಾಕುವ ಸ್ಟ್ರಿಂಗ್ ಸ್ಟುಡಿಯೊದಲ್ಲಿ ಡ್ಯಾಂಪರ್‌ಗೆಂದೇ ಪ್ರತ್ಯೇಕ ವಿಭಾಗವಿದ್ದು, ಈ ಕೆಲಸಕ್ಕೆ ಅದೇ ಹೆಚ್ಚು ಸ್ಪಷ್ಟವೆಂಬುದು ನನ್ನ ಅಭಿಪ್ರಾಯ. ಪಿಯಾನೊವನ್ನು ಇದೇ ರೀತಿ ಲೆಕ್ಕಹಾಕುವ ಪಿಯಾನೊಟೆಕ್‌ನಲ್ಲಿ ಸುತ್ತಿಗೆಯ ಗಡಸುತನವನ್ನು ಮೆಲುದನಿ, ಮಧ್ಯಮ, ಜೋರು ಎಂಬ ಮೂರು ಹಂತಗಳಿಗೂ ಬೇರೆಬೇರೆಯಾಗಿ ಇಡಬಹುದು. ಮೆಲುದನಿಯದನ್ನು ಮಾತ್ರ ಇಳಿಸಿ ನೋಡಿ. ಯಮಾಹಾ ವಿಎಲ್70-ಎಂನಂಥ ಊದುವ ಮಾಡೆಲ್‌ಗೆ ಬ್ರೆತ್ ಕಂಟ್ರೋಲರ್ (ಊದಿ ನಿಯಂತ್ರಿಸುವ ಸಾಧನ) ಇಲ್ಲದೆ ಕೈಹಾಕಬೇಡಿ, ಏಕೆಂದರೆ ಅಲ್ಲಿ ರೀಡಿನ ಮೇಲಿನ ಒತ್ತಡ ಒಂದು ಮಿತಿ ದಾಟಿದಾಗಲೇ ಸ್ವರ ಹುಟ್ಟುವುದು, ಆ ಮಿತಿಯನ್ನು ಎಷ್ಟು ಬೇಗ ದಾಟುತ್ತೀರಿ ಎಂಬುದೇ ಅಟ್ಯಾಕ್.

ಇಷ್ಟು ಮಾಡಿದ ಮೇಲೂ ಮೀಟು ತಡವಾಗಿ ಬಂದಂತೆ ಅನ್ನಿಸಿದರೆ ಪ್ಯಾಚನ್ನು ಮತ್ತೆ ಕೆದಕುವ ಮೊದಲು ಆಡಿಯೊ ಬಫರ್ (ಹೊರಬಿಡುವ ಮುನ್ನ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ದನಿಯ ಪ್ರಮಾಣ) ನೋಡಿ. 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ದನಿಯ 44,100 ಅಳತೆಗಳು; ಇಲ್ಲಿ ಸ್ಯಾಂಪಲ್ ಎಂದರೆ ಅಂಥ ಒಂದು ಅಳತೆ) 128 ಸ್ಯಾಂಪಲ್ ಎಂದರೆ 3 ಮಿಲಿಸೆಕೆಂಡಿಗೂ ಕಡಿಮೆ, 1024 ಎಂದರೆ ಸುಮಾರು 23. ಮಿಕ್ಸ್ ಮಾಡಲೆಂದು ಏರಿಸಿದ ಬಫರನ್ನು ಇಳಿಸಲು ಮರೆತಿರುವ ಸಾಧ್ಯತೆಯೇ ಹೆಚ್ಚು.